ಅಮೆರಿಕದಿಂದ ಬಂದ ಸ್ಟ್ರಾನ್ಷಿಯಂ ಬಾಟಲಿ: ಅಮ್ಮನಿಗೆ ಕೊಡುತ್ತಾ ಹೋಗೋದಾ, ನಿಲ್ಲಿಸೋದಾ?

ಕಿರಿಮಗಳು, ಜಯನಗರ · ಭಾನುವಾರ ಬೆಳಿಗ್ಗೆ 9:40

ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 68. ಎರಡು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಡಾಕ್ಟರ್ ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಎಂದರು. ಬೆನ್ನುಮೂಳೆಯ ಟಿ-ಸ್ಕೋರ್ (ಹರೆಯದವರ ಮೂಳೆಗೆ ಹೋಲಿಸಿದ ಅಂಕಿ, ಸೊನ್ನೆಗಿಂತ ಕೆಳಗೆ ಹೋದಷ್ಟೂ ಮೂಳೆ ಸವೆದಿದೆ ಎಂದು ಅರ್ಥ) ಮೈನಸ್ 2.8 ಬಂತು. ಮೂಳೆ ಸವೆತ ಶುರುವಾಗಿದೆ ಅಂತ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದರು. ಅಮ್ಮ ಎರಡು ತಿಂಗಳು ತೆಗೆದುಕೊಂಡರು. ಎದೆ ಉರಿ ಅಂತ ನಿಲ್ಲಿಸಿದರು. ನಮಗೆ ಹೇಳಿದ್ದು ಮಾತ್ರೆ ಬಿಟ್ಟು ಎಷ್ಟೋ ದಿನ ಆದ ಮೇಲೆ.

ಅಷ್ಟರಲ್ಲಿ ಅಕ್ಕ ಅಮೆರಿಕದಿಂದ ಬಂದಳು. ಬ್ಯಾಗಿನಲ್ಲಿ ಸ್ಟ್ರಾನ್ಷಿಯಂ ಸಿಟ್ರೇಟ್ ಬಾಟಲಿ. ದಿನಕ್ಕೆ ಎರಡು ಕ್ಯಾಪ್ಸೂಲ್, ಒಟ್ಟು 680 ಮಿಲಿಗ್ರಾಂ. "ಇದು ಖನಿಜ ಅಷ್ಟೇ, ಔಷಧಿ ಅಲ್ಲ, ಏನೂ ಆಗಲ್ಲ" ಅಂದಳು. ಅಮ್ಮ 14 ತಿಂಗಳಿನಿಂದ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆ. ರಾತ್ರಿ, ಬಿಸಿ ಹಾಲಿನ ಜೊತೆ.

ಹೋದ ವಾರ ಮತ್ತೆ ಸ್ಕ್ಯಾನ್ ಆಯಿತು. ಮೈನಸ್ 2.3! ಮನೆಯ ವಾಟ್ಸಾಪ್ ಗುಂಪಿನಲ್ಲಿ ಅಕ್ಕನಿಗೆ ಚಪ್ಪಾಳೆಯೋ ಚಪ್ಪಾಳೆ. ಆದರೆ ಚಿಕ್ಕಪ್ಪನ ಮಗ ಒಂದು ಮಾತು ಅಂದ, "ಅದು ಹಾರ್ಟಿಗೆ ಒಳ್ಳೇದಲ್ಲವಂತೆ." ಆವತ್ತಿನಿಂದ ನನಗೆ ನಿದ್ದೆ ಇಲ್ಲ. ಡಾಕ್ಟರ್‌ಗೆ ನಾವು ಈ ಬಾಟಲಿ ವಿಷಯ ಹೇಳೇ ಇಲ್ಲ. "ಬೇರೆ ಏನಾದರೂ ತಗೋತಿದ್ದಾರಾ" ಅಂತ ಕೇಳಿದಾಗ ಅಮ್ಮನೇ "ಬರೀ ಕ್ಯಾಲ್ಸಿಯಂ" ಅಂದುಬಿಟ್ಟರು.

ಯಾರಿಗಾದರೂ ಇದರ ಅನುಭವ ಇದೆಯಾ?

ಮುದ್ದೆಪ್ರಿಯ · ಬೆಳಿಗ್ಗೆ 9:52

ಸ್ಟ್ರಾನ್ಷಿಯಂ? ಬಾಂಬಿನಲ್ಲಿ ಇರೋದಲ್ವಾ ಅದು? ಸುಮ್ನೆ ದಿನಾ ಒಂದು ರಾಗಿ ಮುದ್ದೆ ಕೊಡಿ ಮೇಡಂ. ನಮ್ಮಜ್ಜಿ 91 ವರ್ಷ ಬದುಕಿದ್ದರು, ಒಂದು ಮೂಳೆ ಮುರಿಯಲಿಲ್ಲ.

ನಿವೃತ್ತ ಮೇಷ್ಟ್ರು · ಬೆಳಿಗ್ಗೆ 10:15

ಮುದ್ದೆಪ್ರಿಯ ಅವರೇ, ನೀವು ಹೇಳುತ್ತಿರುವುದು ಸ್ಟ್ರಾನ್ಷಿಯಂ-90. ಅದು ಅಣುಬಾಂಬ್ ಸಿಡಿದಾಗ ಹುಟ್ಟುವ ವಿಕಿರಣ ಸೂಸುವ ರೂಪ. ಬಾಟಲಿಯಲ್ಲಿ ಇರುವುದು ಸಾದಾ ರೂಪ, ವಿಕಿರಣ ಇಲ್ಲ. ಮಣ್ಣಿನಲ್ಲಿ, ನೀರಿನಲ್ಲಿ, ನಮ್ಮ ಊಟದಲ್ಲೂ ಚೂರುಪಾರು ಇದ್ದೇ ಇದೆ. ದೀಪಾವಳಿಯಲ್ಲಿ ಮತಾಪು ಕೆಂಪಗೆ ಉರಿಯುತ್ತದಲ್ಲ, ಆ ಕೆಂಪು ಸ್ಟ್ರಾನ್ಷಿಯಂನದು. ಹಲ್ಲು ಜುಮ್ಮೆನ್ನುವವರ ಕೆಲವು ಟೂತ್‌ಪೇಸ್ಟ್‌ಗಳಲ್ಲೂ ಇದರ ಉಪ್ಪು ಇರುತ್ತಿತ್ತು.

ಹೆಸರು ಬಂದಿದ್ದು ಸ್ಕಾಟ್ಲೆಂಡಿನ ಸ್ಟ್ರಾನ್ಷಿಯನ್ ಎಂಬ ಹಳ್ಳಿಯಿಂದ. ಅಲ್ಲಿನ ಸೀಸದ ಗಣಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಹೊಸದೇನೋ ಇದೆ ಎಂದು 1790ರಲ್ಲಿ ಗುರುತಿಸಿದರು. 1808ರಲ್ಲಿ ಹಂಫ್ರಿ ಡೇವಿ ಅದನ್ನು ಬೇರ್ಪಡಿಸಿದರು. ಪಾಠ ಮಾಡುವ ಚಟ ಹೋಗಿಲ್ಲ, ಕ್ಷಮಿಸಿ.

ವಿಷಯಕ್ಕೆ ಬರುತ್ತೇನೆ. ಆವರ್ತ ಕೋಷ್ಟಕದಲ್ಲಿ ಸ್ಟ್ರಾನ್ಷಿಯಂ ಕ್ಯಾಲ್ಸಿಯಂನ ಕೆಳಗಿನ ಮನೆಯಲ್ಲೇ ಇದೆ. ಒಂದೇ ವಂಶ, ಸ್ವಭಾವ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮೈ ಅದನ್ನು ಕ್ಯಾಲ್ಸಿಯಂ ಎಂದೇ ನಂಬಿ ಮೂಳೆಗೆ ಸೇರಿಸಿಕೊಳ್ಳುತ್ತದೆ. ಆದರೆ ಕ್ಯಾಲ್ಸಿಯಂನ ಪರಮಾಣು ತೂಕ 40, ಇದರದು ಸುಮಾರು 87.6. ಎರಡರಷ್ಟಕ್ಕಿಂತ ಜಾಸ್ತಿ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಮೈನಸ್ 2.3ರ ಗುಟ್ಟು ಅಲ್ಲೇ ಇದೆ ಅನ್ನಿಸುತ್ತದೆ. ಸ್ಕ್ಯಾನ್ ಬಗ್ಗೆ ಗೊತ್ತಿರುವವರು ಹೇಳಲಿ.

ಔಷಧಿ ಅಂಗಡಿ, ರಾಜಾಜಿನಗರ · ಬೆಳಿಗ್ಗೆ 11:05

22 ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ಈ ಸ್ಟ್ರಾನ್ಷಿಯಂ ನನಗೆ ಹಳೇ ಪರಿಚಯ. ಒಂದು ಕಾಲದಲ್ಲಿ ನಮ್ಮಲ್ಲೂ ಮೂಳೆ ಸವೆತಕ್ಕೆ ಸ್ಟ್ರಾನ್ಷಿಯಂ ರಾನೆಲೇಟ್ ಎಂಬ ಔಷಧಿಯ ಸ್ಯಾಚೆಟ್ ಬರುತ್ತಿತ್ತು. ದಿನಕ್ಕೊಂದು, 2 ಗ್ರಾಂ, ಮಲಗುವ ಮುಂಚೆ ನೀರಿನಲ್ಲಿ ಕದಡಿ ಕುಡಿಯಬೇಕು. ಆ 2 ಗ್ರಾಂನಲ್ಲಿ ಶುದ್ಧ ಸ್ಟ್ರಾನ್ಷಿಯಂ ಎಷ್ಟು ಗೊತ್ತಾ? 680 ಮಿಲಿಗ್ರಾಂ. ನಿಮ್ಮ ಬಾಟಲಿಯ ಮೇಲೂ ಅದೇ 680! ಅದು ಕಾಕತಾಳೀಯ ಅಲ್ಲ. ಔಷಧಿಯ ಡೋಸನ್ನೇ ಎತ್ತಿಕೊಂಡು "ಪೂರಕ" ಅಂತ ಲೇಬಲ್ ಅಂಟಿಸಿದ್ದಾರೆ. "ಖನಿಜ ಅಷ್ಟೇ" ಎನ್ನುವ ಮಾತು ಇಲ್ಲಿಗೇ ಬಿದ್ದುಹೋಯಿತು.

ಈಗ ಅದರ ಕಥೆ. ರಾನೆಲೇಟನ್ನು ತಂದದ್ದು ಸರ್ವಿಯೆ ಎಂಬ ಫ್ರೆಂಚ್ ಕಂಪನಿ. 2004ರಲ್ಲಿ ಯೂರೋಪ್ ಒಪ್ಪಿಗೆ ಕೊಟ್ಟಿತು. ಸುಮ್ಮನೆ ಕೊಟ್ಟಿದ್ದಲ್ಲ. 1,649 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ ಮೂರು ವರ್ಷದಲ್ಲಿ ಬೆನ್ನುಮೂಳೆಯ ಹೊಸ ಮುರಿತ ಶೇ. 41ರಷ್ಟು ಕಡಿಮೆಯಾಗಿತ್ತು. ಅಂದರೆ ಕೆಲಸ ಮಾಡುತ್ತಿತ್ತು, ಅದನ್ನು ಒಪ್ಪಿಕೊಳ್ಳೋಣ.

ಆಮೇಲೆ ಒಂದೊಂದೇ ತೊಂದರೆ ಹೊರಬಿತ್ತು. 2007ರಲ್ಲಿ ಚರ್ಮದ ಅಲರ್ಜಿಯ ಎಚ್ಚರಿಕೆ ಬಂತು. ಕೆಲವರಿಗೆ ಮೈಯೆಲ್ಲಾ ದದ್ದು, ಜ್ವರ ಬಂದು ಲಿವರ್, ಕಿಡ್ನಿವರೆಗೂ ಹೋಗುವಂಥದ್ದು. ಅಪರೂಪ, ಆದರೆ ಜೀವಕ್ಕೇ ಕುತ್ತು. 2012ರಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಕೊಡಬೇಡಿ ಎಂದರು. 2013ರಲ್ಲಿ ಹೃದಯದ ವಿಷಯ ಬಂತು. ಎಲ್ಲ ಪರೀಕ್ಷೆಗಳನ್ನು ಕೂಡಿಸಿ ನೋಡಿದರೆ, ಔಷಧಿ ತೆಗೆದುಕೊಂಡವರಲ್ಲಿ ಶೇ. 1.7 ಜನರಿಗೆ ಹಾರ್ಟ್ ಅಟ್ಯಾಕ್, ಬರೀ ಸಪ್ಪೆ ಪುಡಿ ತೆಗೆದುಕೊಂಡವರಲ್ಲಿ ಶೇ. 1.1. 2014ರ ಜನವರಿಯಲ್ಲಿ ಯೂರೋಪಿನ ಸುರಕ್ಷತಾ ಸಮಿತಿ "ಮಾರಾಟವೇ ನಿಲ್ಲಿಸಿ" ಎಂದಿತು. ಫೆಬ್ರವರಿಯಲ್ಲಿ ದೊಡ್ಡ ಸಮಿತಿ "ಬೇರೆ ಯಾವುದೂ ಆಗದವರಿಗೆ, ಹೃದಯ ಚೆನ್ನಾಗಿರುವವರಿಗೆ ಮಾತ್ರ" ಎಂದು ಬಿಗಿ ಮಾಡಿ ಉಳಿಸಿತು. 2017ರಲ್ಲಿ ಕಂಪನಿಯೇ ಮಾರುವುದನ್ನು ನಿಲ್ಲಿಸಿತು. ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕೇ ಇರಲಿಲ್ಲ.

ತಮಾಷೆ ನೋಡಿ. ಅಲ್ಲಿ ಔಷಧಿಯಾಗಿ ಒಪ್ಪಿಗೆ ಇಲ್ಲ. ಅದೇ ಖನಿಜ ಸಿಟ್ರೇಟ್ ರೂಪದಲ್ಲಿ ದಿನಸಿ ಅಂಗಡಿಯ ಕಪಾಟಿನಲ್ಲಿ ಸಿಗುತ್ತದೆ. 1994ರ ಅವರ ಕಾನೂನಿನ ಪ್ರಕಾರ ಪೂರಕಗಳನ್ನು ಮಾರಲು ಮೊದಲೇ ಪರೀಕ್ಷೆ ಮಾಡಿ ತೋರಿಸಬೇಕಾಗಿಲ್ಲ.

ಕಿರಿಮಗಳು, ಜಯನಗರ · ಬೆಳಿಗ್ಗೆ 11:20

ಅಯ್ಯೋ. ಸರ್, ಸಿಟ್ರೇಟ್ ಬೇರೆ, ರಾನೆಲೇಟ್ ಬೇರೆ ಅಂತ ಅಕ್ಕ ಹೇಳುತ್ತಾಳೆ. ತೊಂದರೆ ಆಗಿದ್ದು ರಾನೆಲೇಟಿನಿಂದ, ಸಿಟ್ರೇಟ್ ನಿಂಬೆಹುಳಿ ಇದ್ದಂತೆ ಅಂತೆ.

ಔಷಧಿ ಅಂಗಡಿ, ರಾಜಾಜಿನಗರ · ಬೆಳಿಗ್ಗೆ 11:48

ಆ ವಾದ ನಾನೂ ಕೇಳಿದ್ದೇನೆ. ಅರ್ಧ ನಿಜ. ರಾನೆಲೇಟ್ ಎನ್ನುವ ಭಾಗ ಮೈಗೆ ಹೆಚ್ಚು ಹತ್ತುವುದೇ ಇಲ್ಲ. ಮೂಳೆಗೆ ಹೋಗುವುದು ಸ್ಟ್ರಾನ್ಷಿಯಂ. ಹಾಗಿದ್ದ ಮೇಲೆ ಲಾಭ ಸ್ಟ್ರಾನ್ಷಿಯಂನದು, ತೊಂದರೆ ಮಾತ್ರ ರಾನೆಲೇಟಿನದು ಅಂತ ಹಂಚಿಕೊಳ್ಳುವುದು ನಮಗೆ ಬೇಕಾದ ಲೆಕ್ಕ.

ಇನ್ನೊಂದು. ಸಿಟ್ರೇಟ್ ತೆಗೆದುಕೊಂಡರೆ ಮೂಳೆ ಮುರಿಯುವುದು ಕಡಿಮೆಯಾಗುತ್ತದೆ ಎಂದು ಸಾವಿರಾರು ಜನರ ಮೇಲೆ ನಡೆಸಿ ತೋರಿಸಿದ ಪರೀಕ್ಷೆ ಇಲ್ಲ. ಬಾಟಲಿ ಮಾರುವವರು ತೋರಿಸುವುದೆಲ್ಲ ರಾನೆಲೇಟಿನ ಅಂಕಿಗಳನ್ನೇ. ಒಳ್ಳೆಯದಕ್ಕೆ ಮಾತ್ರ ಅದೇ ವಂಶ, ಕೆಟ್ಟದ್ದಕ್ಕೆ ಸಂಬಂಧವೇ ಇಲ್ಲ ಎಂದರೆ ಹೇಗೆ? ಕೆನಡಾದ ಆರೋಗ್ಯ ಇಲಾಖೆ 2015ರಲ್ಲಿ ಇಂಥ ಪೂರಕಗಳ ಮೇಲೂ ಹೃದ್ರೋಗ, ರಕ್ತ ಹೆಪ್ಪುಗಟ್ಟುವಿಕೆಯ ಎಚ್ಚರಿಕೆ ಬೇಕು ಎಂದಿತು.

ಬಸವನಗುಡಿ ವಾಕಿಂಗ್ ಬಳಗ · ಮಧ್ಯಾಹ್ನ 12:30

ಇನ್ನೊಂದು ಮಗ್ಗುಲೂ ಇರಲಿ. ನಾನು 2010ರಿಂದ 2012ರವರೆಗೆ ಡಾಕ್ಟರ್ ಬರೆದುಕೊಟ್ಟೇ ಆ ಸ್ಯಾಚೆಟ್ ತೆಗೆದುಕೊಂಡಿದ್ದೆ. ಮೊದಲ ಎರಡು ವಾರ ಹೊಟ್ಟೆ ಸಡಿಲ ಆಯಿತು, ಆಮೇಲೆ ಏನೂ ಇಲ್ಲ. ಈಗ 74. ಲಾಲ್‌ಬಾಗಿನಲ್ಲಿ ದಿನಾ ಎರಡು ಸುತ್ತು ಹಾಕುತ್ತೇನೆ. ಹೆದರಿಸುವ ಮೊದಲು ಯೋಚಿಸಿ. 1.1 ಮತ್ತು 1.7ರ ನಡುವೆ ಇರುವುದು ನೂರಕ್ಕೆ ಒಬ್ಬರೂ ಅಲ್ಲ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ನಮ್ಮ ಓರಗಿತ್ತಿಯನ್ನು ನೋಡಿದ್ದೇನೆ. ಅದಕ್ಕಿಂತ ಯಾವುದೂ ವಾಸಿ.

ಔಷಧಿ ಅಂಗಡಿ, ರಾಜಾಜಿನಗರ · ಮಧ್ಯಾಹ್ನ 12:41

ಒಪ್ಪುತ್ತೇನೆ ಅಮ್ಮ. ನಿಮಗೆ ಡಾಕ್ಟರ್ ಬರೆದಿದ್ದರು, ನೋಡಿಕೊಳ್ಳುತ್ತಿದ್ದರು. ಆಗ ಹೃದಯದ ವಿಷಯ ಹೊರಗೆ ಬಂದೂ ಇರಲಿಲ್ಲ. ಇಲ್ಲಿ ಯಾರೂ ನೋಡುತ್ತಿಲ್ಲ. ಅದೇ ನನ್ನ ತಕರಾರು.

ಎಕ್ಸ್‌ರೇ ಕಣ್ಣು · ಮಧ್ಯಾಹ್ನ 2:10

ಊಟ ಮುಗಿಸಿ ಬಂದೆ. ನಾನು ಡೆಕ್ಸಾ ಮಾಡುವ ಟೆಕ್ನಿಷಿಯನ್. ಮೇಷ್ಟ್ರು ನನಗಾಗಿ ಬಾಗಿಲು ತೆರೆದಿಟ್ಟು ಹೋಗಿದ್ದಾರೆ.

ನಮ್ಮ ಮಷಿನ್ ಮೂಳೆಯ ಗಟ್ಟಿತನ ಅಳೆಯುವುದಿಲ್ಲ. ಎಕ್ಸ್‌ರೇ ಬಿಟ್ಟು, ಎಷ್ಟು ಕಿರಣ ಮೂಳೆಯಲ್ಲಿ ತಡೆದು ನಿಂತಿತು ಎಂದು ನೋಡುತ್ತದೆ. ತಡೆದದ್ದೆಲ್ಲ ಕ್ಯಾಲ್ಸಿಯಂ ಎಂದುಕೊಂಡು ಲೆಕ್ಕ ಹಾಕುತ್ತದೆ, ಅಷ್ಟೇ ಅದಕ್ಕೆ ಗೊತ್ತಿರುವುದು. ಸ್ಟ್ರಾನ್ಷಿಯಂ ಭಾರದ ಪರಮಾಣು, ಕ್ಯಾಲ್ಸಿಯಂಗಿಂತ ಎಷ್ಟೋ ಜಾಸ್ತಿ ಕಿರಣ ತಡೆಯುತ್ತದೆ. ಮೂಳೆಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಒಂದು ಪರಮಾಣುವಿನ ಜಾಗವನ್ನು ಸ್ಟ್ರಾನ್ಷಿಯಂ ಹಿಡಿದರೆ, ಮಷಿನ್ ಶೇ. 10ರಷ್ಟು ಹೆಚ್ಚು ಸಾಂದ್ರತೆ ತೋರಿಸುತ್ತದೆ. ಅಕ್ಕಿ ಮೂಟೆಗೆ ಒಂದು ಹಿಡಿ ಸೀಸದ ಗುಂಡು ಹಾಕಿ ತಕ್ಕಡಿಗೆ ಇಟ್ಟ ಹಾಗೆ. ತೂಕ ಬಂತು, ಅನ್ನ ಜಾಸ್ತಿ ಆಗುತ್ತದಾ?

ರಾನೆಲೇಟಿನ ಪರೀಕ್ಷೆಯಲ್ಲೂ ಇದೇ ಆಗಿತ್ತು. ಮೂರು ವರ್ಷಕ್ಕೆ ಬೆನ್ನುಮೂಳೆಯ ಸಾಂದ್ರತೆ ಶೇ. 14ರಷ್ಟು ಏರಿದಂತೆ ಕಂಡಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಸ್ಟ್ರಾನ್ಷಿಯಂನ ಭಾರದ ಆಟ ಎಂದು ಅವರೇ ಲೆಕ್ಕ ಹಾಕಿದರು.

ಮೇಡಂ, ನಿಮಗೆ ಎರಡು ಪ್ರಶ್ನೆ. ಎರಡೂ ಸ್ಕ್ಯಾನ್ ಒಂದೇ ಕಡೆ ಆಯಿತಾ? ರಿಪೋರ್ಟಿನಲ್ಲಿ ಸೊಂಟದ ಅಂಕಿ ಏನಿದೆ?

ಕಿರಿಮಗಳು, ಜಯನಗರ · ಮಧ್ಯಾಹ್ನ 2:35

ಇಲ್ಲ. ಮೊದಲನೆಯದು ಮನೆ ಹತ್ತಿರ. ಎರಡನೆಯದು ಆಫರ್ ಇತ್ತು ಅಂತ ಬನಶಂಕರಿ ಕಡೆ ಬೇರೆ ಸೆಂಟರ್‌ನಲ್ಲಿ ಮಾಡಿಸಿದೆವು. ಸೊಂಟ ಆಗ ಮೈನಸ್ 2.2, ಈಗ ಮೈನಸ್ 2.1.

ಎಕ್ಸ್‌ರೇ ಕಣ್ಣು · ಮಧ್ಯಾಹ್ನ 3:02

ಹಾಗಾದರೆ ಚಪ್ಪಾಳೆ ವಾಪಸ್ ತಗೊಳ್ಳಿ. ಒಂದು ಕಂಪನಿಯ ಮಷಿನ್ನಿನ ಅಂಕಿಯನ್ನು ಇನ್ನೊಂದು ಕಂಪನಿಯದರ ಜೊತೆ ನೇರ ಹೋಲಿಸುವ ಹಾಗಿಲ್ಲ. ಒಂದೇ ಕಂಪನಿಯ ಎರಡು ಮಷಿನ್ ಆದರೂ ವ್ಯತ್ಯಾಸ ಬರುತ್ತದೆ. ವರ್ಷವರ್ಷ ನೋಡಬೇಕು ಅಂದರೆ ಅದೇ ಜಾಗ, ಅದೇ ಮಷಿನ್. ಆಫರ್‌ಗೆ ಹೋಗಬೇಡಿ.

ಅರವತ್ತು ದಾಟಿದವರ ಬೆನ್ನುಮೂಳೆಗೆ ಇನ್ನೊಂದು ತೊಡಕು ಇದೆ. ಸವೆದ ಜಾಗದಲ್ಲಿ ಪಕ್ಕಕ್ಕೆ ಮುಳ್ಳಿನ ಹಾಗೆ ಮೂಳೆ ಬೆಳೆದಿರುತ್ತದೆ. ಮಷಿನ್ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬೆನ್ನಿನ ಅಂಕಿ ಚೆನ್ನಾಗಿದೆ, ಮೂಳೆ ಚೆನ್ನಾಗಿಲ್ಲ ಎನ್ನುವಂಥದ್ದು ನಾನು ವಾರಕ್ಕೊಂದಾದರೂ ನೋಡುತ್ತೇನೆ. ನಿಮ್ಮಮ್ಮನ ಸೊಂಟದ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿದೆ, ನೋಡಿ.

ಮುಂದಿನ ಸ್ಕ್ಯಾನಿಗೆ ಹೋದಾಗ ಸ್ಟ್ರಾನ್ಷಿಯಂ ತೆಗೆದುಕೊಂಡಿದ್ದರು ಎಂದು ಫಾರಂನಲ್ಲಿ ಬರೆಸಿ. ನಿಲ್ಲಿಸಿದರೂ ಮೂಳೆಯಲ್ಲಿ ಕೂತದ್ದು ತಕ್ಷಣ ಹೋಗುವುದಿಲ್ಲ, ಸ್ವಲ್ಪ ಭಾಗ ವರ್ಷಗಟ್ಟಲೆ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋದರೆ "ಔಷಧಿ ಬದಲಿಸಿದ್ದಕ್ಕೇ ಮೂಳೆ ಹಾಳಾಯಿತು" ಅಂತ ಮನೆಯಲ್ಲಿ ಜಗಳ ಆಗುತ್ತದೆ.

ಲ್ಯಾಬಿನವಳು · ಮಧ್ಯಾಹ್ನ 3:20

ಒಂದು ಸಣ್ಣ ಸೇರ್ಪಡೆ. ರಕ್ತದ ಕ್ಯಾಲ್ಸಿಯಂ ಅನ್ನು ಬಣ್ಣ ಬದಲಾಯಿಸುವ ವಿಧಾನದಲ್ಲಿ ನೋಡುವ ಕಡೆ ಸ್ಟ್ರಾನ್ಷಿಯಂ ಅಡ್ಡ ಬರುತ್ತದೆ. ರೀಡಿಂಗ್ ತಪ್ಪಾಗಬಹುದು. ಲ್ಯಾಬಿಗೂ ಹೇಳಿ.

ನಿವೃತ್ತ ಮೇಷ್ಟ್ರು · ಮಧ್ಯಾಹ್ನ 3:31

ತಕ್ಕಡಿಗೂ ಮೋಸ, ಲ್ಯಾಬಿಗೂ ಮೋಸ. ಒಂದೇ ವಂಶದವರ ಕಥೆ ಇಷ್ಟೇ ನೋಡಿ, ಅಣ್ಣನ ಹೆಸರಿನಲ್ಲಿ ತಮ್ಮ ಸಹಿ ಹಾಕುವುದು.

ಮಲ್ಲೇಶ್ವರಂ ಎಂಟನೇ ಕ್ರಾಸ್ · ಸಂಜೆ 4:15

ಕಿರಿಮಗಳು, ಅಮ್ಮನಿಗೆ ಬಿಪಿ ಇದೆಯಾ? ಹಾರ್ಟ್ ತೊಂದರೆ, ಸ್ಟ್ರೋಕ್, ಕಾಲು ಊತ, ಏನಾದರೂ? ಯಾರೂ ಇದನ್ನು ಕೇಳಲೇ ಇಲ್ಲ.

ಕಿರಿಮಗಳು, ಜಯನಗರ · ಸಂಜೆ 4:50

ಬಿಪಿ ಮಾತ್ರೆ ಹತ್ತು ವರ್ಷದಿಂದ ನಡೆಯುತ್ತಿದೆ. ಥೈರಾಯ್ಡ್ ಮಾತ್ರೆಯೂ ಇದೆ. ಹಾರ್ಟ್ ಏನೂ ಇಲ್ಲ.

ಆದರೆ ಕಾಲು ಅಂದಾಗ ನೆನಪಾಯಿತು. ಐದು ವರ್ಷದ ಹಿಂದೆ ಮಂಡಿ ಆಪರೇಷನ್ ಆದಾಗ ಎಡಗಾಲಿನ ಮೀನಖಂಡ ಊದಿಕೊಂಡು, ರಕ್ತ ಹೆಪ್ಪುಗಟ್ಟಿದೆ ಅಂತ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಕೊಟ್ಟಿದ್ದರು. ಆಮೇಲೆ ಮೂರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ. ಅದು ವಾಸಿಯಾಯಿತಲ್ಲ ಅಂತ ಮರೆತೇಬಿಟ್ಟಿದ್ದೆವು.

ಔಷಧಿ ಅಂಗಡಿ, ರಾಜಾಜಿನಗರ · ಸಂಜೆ 4:58

ಮೇಡಂ, ಇವತ್ತು ರಾತ್ರಿಯಿಂದಲೇ ಕೊಡಬೇಡಿ. ನಾಳೆ ಬೆಳಿಗ್ಗೆ ಡಾಕ್ಟರ್‌ಗೆ ಫೋನ್ ಮಾಡಿ. ಹಿಂದೆ ಹೆಪ್ಪುಗಟ್ಟಿದ್ದವರಿಗೆ ಕೊಡಲೇಬಾರದು ಎಂದು ಔಷಧಿ ಚೀಟಿಯಲ್ಲೇ ಇತ್ತು. ಹತೋಟಿಗೆ ಬಾರದ ಬಿಪಿ ಇದ್ದವರಿಗೂ ಬೇಡ. ಕಿಡ್ನಿ ತುಂಬಾ ಸೋತವರಿಗೂ ಬೇಡ, ಯಾಕೆಂದರೆ ಮೈಗೆ ಹತ್ತಿದ ಸ್ಟ್ರಾನ್ಷಿಯಂ ಹೊರಗೆ ಹೋಗುವುದು ಮುಖ್ಯವಾಗಿ ಮೂತ್ರದಲ್ಲಿ.

ಕಾಲು ಒಂದೇ ಕಡೆ ಊದಿದರೆ, ಉಸಿರು ಕಟ್ಟಿದರೆ, ಎದೆ ಹಿಡಿದರೆ ಫೋನ್ ಅಂತ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಹೆದರಿಸಲು ಹೇಳುತ್ತಿಲ್ಲ.

ಒಂದು ಸಮಾಧಾನ. ಅಮ್ಮ ಹಾಲಿನ ಜೊತೆ ತೆಗೆದುಕೊಂಡಿದ್ದಾರೆ ಅಲ್ವಾ? ಹಾಲು, ಊಟ, ಕ್ಯಾಲ್ಸಿಯಂ ಯಾವುದರ ಜೊತೆ ತೆಗೆದುಕೊಂಡರೂ ಸ್ಟ್ರಾನ್ಷಿಯಂ ಶೇ. 60–70ರಷ್ಟು ಕಡಿಮೆ ಹತ್ತುತ್ತದೆ. ಅದಕ್ಕೇ ಸ್ಯಾಚೆಟನ್ನು ಊಟವಾಗಿ ಎರಡು ಗಂಟೆ ಬಿಟ್ಟು ಕುಡಿಯಿರಿ ಎನ್ನುತ್ತಿದ್ದರು. ಅಮ್ಮನ ಹಾಲು ಕಾಪಾಡಿರಬಹುದು.

ಬಸವನಗುಡಿ ವಾಕಿಂಗ್ ಬಳಗ · ಸಂಜೆ 5:10

ಕಾಲಿನ ವಿಷಯ ಗೊತ್ತಿರಲಿಲ್ಲಮ್ಮಾ. ನನ್ನ ಮಾತು ಈ ಅಮ್ಮನಿಗೆ ಅನ್ವಯಿಸುವುದಿಲ್ಲ. ನಿಲ್ಲಿಸಿ.

ಮುದ್ದೆಪ್ರಿಯ · ಸಂಜೆ 6:00

ಅದಕ್ಕೇ ಮುದ್ದೆ ಅಂದಿದ್ದು. 😀 ತಮಾಷೆ ಬಿಡಿ. ಹಾಗಾದರೆ ಸಾದಾ ಕ್ಯಾಲ್ಸಿಯಂ ಮಾತ್ರೆ ಆದರೂ ಸೇಫಾ? ನಮ್ಮ ಮನೆಯಲ್ಲಿ ನಾಲ್ಕು ಜನ ನುಂಗುತ್ತಿದ್ದೇವೆ.

ಮಲ್ಲೇಶ್ವರಂ ಎಂಟನೇ ಕ್ರಾಸ್ · ಸಂಜೆ 7:25

ನಾನು ಡಯಟಿಷಿಯನ್. ನಾಲ್ಕು ಜನರೂ ಯಾಕೆ ನುಂಗುತ್ತಿದ್ದೀರಿ ಎನ್ನುವುದೇ ನನ್ನ ಮೊದಲ ಪ್ರಶ್ನೆ.

ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುಟ್ಟು ನಿಂತ ಹೆಂಗಸರಿಗೆ 1,200. ಇದು ಊಟ, ಮಾತ್ರೆ ಎರಡೂ ಸೇರಿ. ಬಹಳ ಜನ ಇದನ್ನು ಮಾತ್ರೆಯ ಲೆಕ್ಕ ಅಂದುಕೊಳ್ಳುತ್ತಾರೆ. ಮೊದಲು ತಟ್ಟೆ ನೋಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿ, ಗೋಧಿ ಇದರ ಹತ್ತಿರಕ್ಕೂ ಬರುವುದಿಲ್ಲ. ಎರಡು ಲೋಟ ಹಾಲು-ಮೊಸರು ಸೇರಿ 450ರಿಂದ 500. ಎಳ್ಳು ಒಂದು ದೊಡ್ಡ ಚಮಚದಲ್ಲೇ ನೂರರ ಆಸುಪಾಸು. ಎಳ್ಳುಬೆಲ್ಲ ಸಂಕ್ರಾಂತಿಗೆ ಮಾತ್ರ ಎಂದು ಯಾರು ಹೇಳಿದರು? ರಾಗಿಯಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಫೈಟೇಟ್ ಇದೆ ನಿಜ. ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ, ಹುದುಗು ಬರಿಸಿ ಅಂಬಲಿ ಮಾಡಿದರೆ ಅದು ಕಡಿಮೆಯಾಗುತ್ತದೆ. ಮುದ್ದೆಪ್ರಿಯ ಅವರೇ, ನಿಮ್ಮ ಅಜ್ಜಿ ಗೆದ್ದರು. ಆದರೆ ಅವರು ಬರೀ ಮುದ್ದೆ ತಿನ್ನಲಿಲ್ಲ, ರಾಗಿ ಬೀಸಿದರು, ನೀರು ಹೊತ್ತರು, ಬಿಸಿಲಲ್ಲಿ ನಿಂತರು. ಮೂಳೆಗೆ ಅದೂ ಊಟವೇ.

ತಟ್ಟೆಯಲ್ಲಿ ಕಡಿಮೆ ಬಿದ್ದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ. ಡಬ್ಬಿಯ ಮೇಲೆ 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದ್ದರೆ ಅದರಲ್ಲಿ ಕ್ಯಾಲ್ಸಿಯಂ 500 ಮಾತ್ರ. ಅದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು, ಕರಗಲು ಹೊಟ್ಟೆಯ ಆಮ್ಲ ಬೇಕು. ಗ್ಯಾಸಿನ ಮಾತ್ರೆ ವರ್ಷಗಟ್ಟಲೆ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ. ಒಂದು ಸಲಕ್ಕೆ 500ಕ್ಕಿಂತ ಜಾಸ್ತಿ ನುಂಗಿ ಪ್ರಯೋಜನ ಇಲ್ಲ, ಸರಿಯಾಗಿ ಹತ್ತುವುದಿಲ್ಲ.

ಕಿರಿಮಗಳು, ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಇಡಿ. ಇಲ್ಲವಾದರೆ ಥೈರಾಯ್ಡ್ ಮಾತ್ರೆ ನುಂಗಿಯೂ ನುಂಗದ ಹಾಗೆ.

ಕಲ್ಲಿನ ಗಿರಾಕಿ · ರಾತ್ರಿ 8:40

ಕಿಡ್ನಿ ಕಲ್ಲು ಎರಡು ಸಲ ಆಗಿದೆ. ನಾನೂ ಡಾಕ್ಟರ್ ಕೇಳದೆ ಸುಮ್ಮನೆ ವರ್ಷಗಟ್ಟಲೆ ಕ್ಯಾಲ್ಸಿಯಂ ನುಂಗಿದವನೇ. ಕಲ್ಲಿಗೂ ಅದಕ್ಕೂ ಸಂಬಂಧ ಇದೆಯಾ?

ಔಷಧಿ ಅಂಗಡಿ, ರಾಜಾಜಿನಗರ · ರಾತ್ರಿ 9:05

ನಿಮ್ಮ ಕಲ್ಲಿಗೆ ಅದೇ ಕಾರಣ ಎಂದು ಇಲ್ಲಿಂದ ಹೇಳಲಾರೆ. ಆದರೆ ಅಮೆರಿಕದಲ್ಲಿ 36,282 ಹೆಂಗಸರ ಮೇಲೆ ಏಳು ವರ್ಷ ನಡೆದ ದೊಡ್ಡ ಪರೀಕ್ಷೆ ಒಂದಿದೆ, ಫಲಿತಾಂಶ 2006ರಲ್ಲಿ ಬಂತು. ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಸ್ವಲ್ಪ ವಿಟಮಿನ್ ಡಿ. ಕಿಡ್ನಿ ಕಲ್ಲು ಶೇ. 17ರಷ್ಟು ಜಾಸ್ತಿಯಾಯಿತು. ಸೊಂಟದ ಮುರಿತ ಶೇ. 12 ಇಳಿದಂತೆ ಕಂಡಿತು, ಆದರೆ ಗಟ್ಟಿಯಾಗಿ ಹೇಳುವಷ್ಟಲ್ಲ. ವಿಚಿತ್ರ ಏನೆಂದರೆ ಊಟದ ಕ್ಯಾಲ್ಸಿಯಂ ಕಲ್ಲನ್ನು ಹೆಚ್ಚಿಸುವುದಿಲ್ಲ. ಕಲ್ಲು ಕಟ್ಟಲು ಬೇಕಾದ, ಊಟದಲ್ಲಿ ಬರುವ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಹೊರಗೆ ಹೋಗುತ್ತದೆ. ಕಲ್ಲು ಆಯಿತು ಅಂತ ಹಾಲು-ಮೊಸರು ಬಿಡುವವರು ತಪ್ಪು ಕಡೆ ಕತ್ತರಿ ಹಾಕುತ್ತಾರೆ.

ಕ್ಯಾಲ್ಸಿಯಂ ಮಾತ್ರೆಯಿಂದ ಹಾರ್ಟ್ ಅಟ್ಯಾಕ್ ಎಂಬ ಗಲಾಟೆ 2010ರಲ್ಲಿ ಎದ್ದಿತ್ತು, ನ್ಯೂಜಿಲೆಂಡಿನವರು ಎಬ್ಬಿಸಿದ್ದು. ಆಮೇಲೆ ಬಂದ ಕೆಲವು ವರದಿಗಳು ಅಷ್ಟೊಂದಿಲ್ಲ ಎಂದವು. ಜಗಳ ಇನ್ನೂ ಮುಗಿದಿಲ್ಲ. ಅದಕ್ಕೇ ನಾನು ತಟ್ಟೆಯ ಪಕ್ಷ.

ಇನ್ನೊಂದು ಹೇಳಲೇಬೇಕು. ವಿಟಮಿನ್ ಡಿ 60,000 ಯೂನಿಟ್ ಸ್ಯಾಚೆಟ್ ವಾರಕ್ಕೊಂದು, ಅದೂ ಡಾಕ್ಟರ್ ಹೇಳಿದಷ್ಟು ವಾರ. ದಿನಕ್ಕೊಂದು ಕುಡಿದವರನ್ನು ನನ್ನ ಅಂಗಡಿಯಲ್ಲೇ ನೋಡಿದ್ದೇನೆ. ವಾಂತಿ, ಗೊಂದಲ, ಕೊನೆಗೆ ಆಸ್ಪತ್ರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಹೊಡೆತ ಬಿದ್ದಿತ್ತು.

ಎಚ್‌ಎಸ್‌ಆರ್ ಟೆಕ್ಕಿ · ರಾತ್ರಿ 9:30

ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದ್ದರೆ ಮೂಳೆ ಚೆನ್ನಾಗಿದೆ ಅಂತ ಅರ್ಥ ಅಲ್ವಾ? ನಮ್ಮಪ್ಪನಿಗೆ 9.4 ಇದೆ.

ಲ್ಯಾಬಿನವಳು · ರಾತ್ರಿ 9:41

ಅಲ್ಲ. ಹೃದಯ, ನರ ಎಲ್ಲಕ್ಕೂ ಆ ಮಟ್ಟ ಬೇಕು. ಕಡಿಮೆಯಾದರೆ ಮೈ ಮೂಳೆಯಿಂದಲೇ ಕಿತ್ತು ರಕ್ತಕ್ಕೆ ಹಾಕುತ್ತದೆ. ಬ್ಯಾಂಕಿನಲ್ಲಿ ಸಾಲ ಮಾಡಿ ಜೇಬಿನಲ್ಲಿ ದುಡ್ಡು ಇಟ್ಟುಕೊಂಡ ಹಾಗೆ. ಜೇಬು ನೋಡಿ ಆಸ್ತಿ ಹೇಳಲಾಗದು.

ವಿಜಯನಗರ ಸೊಸೆ · ಸೋಮವಾರ ಬೆಳಿಗ್ಗೆ 7:10

ಸ್ಟ್ರಾನ್ಷಿಯಂ ನಿಲ್ಲಿಸಿ, ಸರಿ. ಆದರೆ ಮುಂದೇನು? ಮೈನಸ್ 2.8 ಇದ್ದು ಮೂಳೆ ಮುರಿದವರಿಗೆ ರಾಗಿ, ಹಾಲು ಮಾತ್ರ ಸಾಲದು. ನಮ್ಮತ್ತೆಗೂ ವಾರದ ಮಾತ್ರೆ ಆಗಿಬರಲಿಲ್ಲ. ಕೇಳಿದರೆ ಅವರು ಟೀ ಜೊತೆ ನುಂಗಿ ಮತ್ತೆ ಮಲಗುತ್ತಿದ್ದರು! ಅಲೆಂಡ್ರೊನೇಟನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಕೂತೋ ನಿಂತೋ ಇರಬೇಕು. ಏನೂ ತಿನ್ನಬಾರದು, ಮಲಗಬಾರದು. ಇಲ್ಲವಾದರೆ ಅನ್ನನಾಳ ಸುಡುತ್ತದೆ. ನಿಮ್ಮಮ್ಮ ಹೇಗೆ ತೆಗೆದುಕೊಳ್ಳುತ್ತಿದ್ದರು, ಕೇಳಿ ನೋಡಿ.

ಆಮೇಲೆ ನಮ್ಮತ್ತೆಗೆ ವರ್ಷಕ್ಕೊಂದು ಡ್ರಿಪ್, ಜೊಲೆಡ್ರೊನಿಕ್ ಆಸಿಡ್ 5 ಮಿಲಿಗ್ರಾಂ ಕೊಟ್ಟರು. ಮೊದಲು ಕಿಡ್ನಿ, ವಿಟಮಿನ್ ಡಿ ನೋಡಿದರು, ಹಲ್ಲಿನ ಕೆಲಸ ಏನಾದರೂ ಇದ್ದರೆ ಮುಗಿಸಿ ಬನ್ನಿ ಎಂದರು. ಎರಡು ದಿನ ಜ್ವರ, ಮೈಕೈ ನೋವು ಬಂತು, ಹೋಯಿತು.

ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೊಸುಮ್ಯಾಬ್ ಕೂಡ ಇದೆ. ನಮ್ಮ ಸೋದರತ್ತೆ ಅದರಲ್ಲಿದ್ದರು. ಲಾಕ್‌ಡೌನ್‌ನಲ್ಲಿ ಡೋಸ್ ತಪ್ಪಿತು. ಅದನ್ನು ಹಾಗೆ ನಡುವೆ ಬಿಟ್ಟರೆ ಬೆನ್ನುಮೂಳೆ ಒಂದಾದ ಮೇಲೊಂದು ಕುಸಿಯುವ ಅಪಾಯ ಇದೆ ಎಂದು ನಮಗೆ ಯಾರೂ ಒತ್ತಿ ಹೇಳಿರಲಿಲ್ಲ. ಶುರು ಮಾಡಿದರೆ ತಾರೀಖು ತಪ್ಪಿಸಬೇಡಿ, ನಿಲ್ಲಿಸುವುದಾದರೆ ಬದಲಿಗೆ ಏನು ಎಂದು ಮೊದಲೇ ಕೇಳಿಕೊಳ್ಳಿ.

ಬಸವನಗುಡಿ ವಾಕಿಂಗ್ ಬಳಗ · ಬೆಳಿಗ್ಗೆ 8:20

ಯಾರೂ ಫುಟ್‌ಪಾತ್ ಬಗ್ಗೆ ಮಾತಾಡಲಿಲ್ಲ! ಮೂಳೆ ತಾನಾಗಿ ಮುರಿಯುವುದಕ್ಕಿಂತ ಜಾಸ್ತಿ, ಬಿದ್ದು ಮುರಿಯುವುದು. ಕಲ್ಲು ಎದ್ದ ಚರಂಡಿ ಮುಚ್ಚಳ, ಕೇಬಲ್ ಸುತ್ತು, ನಿಲ್ಲಿಸಿದ ಬೈಕು. ನಮ್ಮ ಬಳಗದಲ್ಲಿ ಮೂರು ಮೂಳೆ ಮುರಿದದ್ದೂ ಹೀಗೆ. ಮನೆಯೊಳಗೆ ಬಚ್ಚಲಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ಸಣ್ಣ ದೀಪ ಇಡಿ, ಬಾಗಿಲ ಹತ್ತಿರದ ಕಾಲೊರಸು ಎತ್ತಿಬಿಡಿ. ಕನ್ನಡಕದ ನಂಬರ್ ನೋಡಿಸಿ.

ಕಿರಿಮಗಳು, ಜಯನಗರ · ಹನ್ನೆರಡು ದಿನದ ನಂತರ

ಎಲ್ಲರಿಗೂ ಹೇಳಬೇಕು ಅಂತ ಬಂದೆ.

ಆವತ್ತು ರಾತ್ರಿಯೇ ನಿಲ್ಲಿಸಿದೆವು. ಬಾಟಲಿ ತೆಗೆದುಕೊಂಡೇ ಡಾಕ್ಟರ್ ಹತ್ತಿರ ಹೋದೆವು. ಬೈಗುಳ ಬೀಳುತ್ತದೆ ಅಂದುಕೊಂಡಿದ್ದೆ. ಬೈಯಲಿಲ್ಲ. ಲೇಬಲ್ ಓದಿ, ಹಳೇ ಆಪರೇಷನ್ ಪೇಪರ್ ಕೇಳಿ, ಕಾಲು ಒತ್ತಿ ನೋಡಿದರು. ಇಸಿಜಿ ಮಾಡಿಸಿದರು, ಚೆನ್ನಾಗಿದೆ. "ಇದನ್ನು ಮತ್ತೆ ಮುಟ್ಟಬೇಡಿ" ಎಂದು ಚೀಟಿಯಲ್ಲೇ ಬರೆದರು. ಮೈನಸ್ 2.3 ಅನ್ನು ನಂಬುವ ಹಾಗಿಲ್ಲ, ಮುರಿತ ಆಗಿರುವುದರಿಂದ ಚಿಕಿತ್ಸೆ ಬೇಕೇ ಬೇಕು ಎಂದರು. ವಿಟಮಿನ್ ಡಿ 14 ಬಂದಿದೆ. ಅದನ್ನು ಸರಿ ಮಾಡಿ, ಆಮೇಲೆ ವರ್ಷದ ಡ್ರಿಪ್.

ವಿಜಯನಗರದವರು ಹೇಳಿದ ಹಾಗೆ ಅಮ್ಮನನ್ನು ಕೇಳಿದೆ. ಅಲೆಂಡ್ರೊನೇಟನ್ನು ಕಾಫಿ ಜೊತೆ ನುಂಗಿ ಪೂಜೆಗೆ ಬಗ್ಗುತ್ತಿದ್ದರಂತೆ.

ಅಕ್ಕನಿಗೆ ಹೇಳುವುದೇ ಕಷ್ಟವಾಯಿತು. ಮೊದಲು ಮುನಿಸಿಕೊಂಡಳು. "ಅಷ್ಟು ದೂರದಿಂದ ಹೊತ್ತು ತಂದೆ" ಅಂದಳು. ಕಾಲಿನ ಹೆಪ್ಪಿನ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಆಗ ಅವಳಿಗೆ ಎರಡನೇ ಹೆರಿಗೆ, ಗಾಬರಿ ಆಗುತ್ತಾಳೆ ಅಂತ ನಾವೇ ಮುಚ್ಚಿಟ್ಟಿದ್ದೆವು. ಇಬ್ಬರೂ ಫೋನಿನಲ್ಲಿ ಅತ್ತೆವು. ಈಗ ಅಮ್ಮನ ಎಲ್ಲ ಮಾತ್ರೆಗಳ ಪಟ್ಟಿ ಫ್ರಿಜ್ಜಿನ ಬಾಗಿಲಿಗೂ ಅಂಟಿದೆ, ಅಕ್ಕನ ಫೋನಿನಲ್ಲೂ ಇದೆ.

ಅಮ್ಮನಿಗೆ ಮಾತ್ರ ಬಾಟಲಿದೇ ಚಿಂತೆ. "ಒಳ್ಳೇ ಗಟ್ಟಿ ಮುಚ್ಚಳ, ಎಸೆಯಬೇಡ, ಸಾಸಿವೆಗೆ ಆಗುತ್ತೆ." ನಾನು ಒಪ್ಪಲಿಲ್ಲ. ಯಾರಾದರೂ ಮಾತ್ರೆ ಅಂತ ನುಂಗಿಬಿಟ್ಟರೆ?

ಬಚ್ಚಲಿಗೆ ಸ್ಟೀಲ್ ಹಿಡಿಕೆ ಎಷ್ಟು ಎತ್ತರಕ್ಕೆ ಹಾಕಿಸಬೇಕು? ಅಮ್ಮ 5 ಅಡಿ.

ಬಸವನಗುಡಿ ವಾಕಿಂಗ್ ಬಳಗ · ಅದೇ ದಿನ

ಅಳತೆ ಟೇಪ್ ಬೇಡ. ಅಮ್ಮನನ್ನೇ ಬಚ್ಚಲಲ್ಲಿ ನಿಲ್ಲಿಸಿ, ಕೈ ಚಾಚಿ ಗೋಡೆ ಹಿಡಿಯಲು ಹೇಳಿ. ಎಲ್ಲಿ ಹಿಡಿಯುತ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಕಮೋಡ್ ಪಕ್ಕಕ್ಕೆ ಬೇರೆ ಒಂದು, ಕೂತು ಏಳುವಾಗ ಹಿಡಿಯುವ ಎತ್ತರಕ್ಕೆ. ಡ್ರಿಲ್ ಮಾಡುವ ಮೊದಲು ನೀರಿನ ಪೈಪ್ ಎಲ್ಲಿದೆ ಅಂತ ಪ್ಲಂಬರ್ ಹತ್ತಿರ ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ, ಕೆಳಗಿನ ಮನೆಯವರ ಹಾಲ್ ಪೂರ್ತಿ ಒದ್ದೆಯಾಯಿತು.